ಅವ್ವನ ಹಾಲು ಬತ್ತಿದ ಬಗೆ

ನಮ್ಮವ್ವನ ಎದೆಯ ಹಾಲು ಬತ್ತಿಸಿದವಳು ನಾನು. ಇದನ್ನು ಹೀಗೆ ನೇರವಾಗಿ ಹೇಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು. ಅವ್ವ ಬದುಕಿರುವವರೆಗೂ ಮಾತು ನಾಲಿಗೆಯ ತುದಿಗೆ ಬಂದು ಬಂದು ಒಳಗೆ ಹೋಗುತ್ತಿತ್ತು. ಈಗ ಕೇಳಬೇಕಾದವಳೇ ಇಲ್ಲ, ನನಗೆ ಧೈರ್ಯ ಬಂದಿದೆ. ನನ್ನ ಧೈರ್ಯ ಯಾವಾಗಲೂ ಇಂಥದ್ದೇ.

ಆಗಿನ್ನೂ ನಿಜಾಮರ ಆಳ್ವಿಕೆ. ನಾವಿದ್ದದ್ದು ಯಾದಗಿರಿಯಲ್ಲಿ. ಅಪ್ಪ ಸ್ಟೇಷನ್ನಿನಲ್ಲಿ ಹಮಾಲಿ ಮಾಡುತ್ತಿದ್ದ, ಅವ್ವ ಹತ್ತಿ ಗಿರಣಿಗೆ ಹೋಗುತ್ತಿದ್ದಳು. ತಮ್ಮ ಹುಟ್ಟಿ ಮೂರು ತಿಂಗಳಾಗುತ್ತಲೇ ಅವಳು ಮತ್ತೆ ಕೆಲಸ ಹಿಡಿದಳು. ಮನೆಯಲ್ಲಿ ಅಪ್ಪನ ತಾಯಿ ಇದ್ದಳು, ನಾವು ಆಯಿ ಅನ್ನುತ್ತಿದ್ದೆವು. ಆಯಿಗೆ ಕಣ್ಣು ಮಂಜು, ಕೂಸನ್ನು ಎತ್ತಿಕೊಂಡು ದೂರ ನಡೆಯಲಾರಳು. ಹಾಗಾಗಿ ಮಧ್ಯಾಹ್ನ ಗಿರಣಿಯ ಭೋಂಗಾ ಕೂಗುವ ಹೊತ್ತಿಗೆ ತಮ್ಮನನ್ನು ಗೇಟಿಗೆ ಒಯ್ದು ಹಾಲು ಕುಡಿಸಿಕೊಂಡು ಬರುವುದು ನನ್ನ ಕೆಲಸವಾಯಿತು. ನನಗೆ ಒಂಬತ್ತು ವರ್ಷವಿರಬೇಕು.

ಗೇಟಿನ ಹೊರಗೆ ಒಂದು ಬೇವಿನ ಮರವಿತ್ತು. ಭೋಂಗಾ ಕೂಗಿದ ಕೂಡಲೇ ಎಳೆಗೂಸಿನ ತಾಯಂದಿರು ಐದಾರು ಮಂದಿ ಬಂದು ಅದರ ಕೆಳಗೆ ಕೂರುತ್ತಿದ್ದರು. ಹುಬ್ಬು, ರೆಪ್ಪೆ, ಮೂಗುತಿ ಎಲ್ಲದರ ಮೇಲೂ ಹತ್ತಿಯ ದೂಳು. ಅವ್ವ ಸೆರಗಿನಿಂದ ಎದೆ ಒರೆಸಿಕೊಂಡು ತಮ್ಮನನ್ನು ಹಚ್ಚಿಕೊಂಡರೆ ಅವನು ಗುಟುಕು ಗುಟುಕಾಗಿ ಕುಡಿಯುವ ಸದ್ದು ನನಗೂ ಕೇಳುತ್ತಿತ್ತು. ಒಂದು ಕಡೆ ಅವನು ಕುಡಿಯುತ್ತಿದ್ದರೆ ಇನ್ನೊಂದು ಕಡೆ ಕುಪ್ಪಸ ತೊಯ್ಯುತ್ತಿತ್ತು. ಅಷ್ಟು ಹಾಲಿತ್ತು ನಮ್ಮವ್ವನಿಗೆ.

ಆ ದಾರಿಯಲ್ಲೇ ತಹಸೀಲ ಕಚೇರಿಯ ಗುಮಾಸ್ತರೊಬ್ಬರ ಮನೆ. ಅವರ ಮಗಳು ನನ್ನ ವಾರಿಗೆಯವಳು. ತಮ್ಮ ಮನೆಯ ಕಟ್ಟೆಯ ಮೇಲೆ ಗಜಗ ಆಡಲು ನನ್ನನ್ನೂ ಸೇರಿಸಿಕೊಳ್ಳುತ್ತಿದ್ದಳು, ನನಗೆ ಅದೇ ದೊಡ್ಡ ಪದವಿ. ಒಂದು ದಿನ ಕೈಯಲ್ಲಿನ ಗಜಗ ಕೆಳಗಿಟ್ಟು ಕೇಳಿದಳು:

“ನಿಮ್ಮವ್ವ ರಸ್ತಾದಾಗ ಕುಂತು ಮೊಲಿ ಕುಡಸ್ತಾಳಲ್ಲ? ನಾ ನೋಡೀನಿ. ಟಾಂಗಾದಾಗ ಹೋಗೋರೆಲ್ಲ ನೋಡ್ತಾರ. ನಾಚ್ಕಿ ಬರಂಗಿಲ್ಲೇನು?”

ಅವ್ವನಿಗೆ ಬರದ ನಾಚಿಕೆ ನನಗೆ ಬಂತು. ಮರುದಿನ ಮರದ ಕೆಳಗೆ ಅವಳಿಗೆ ಬೆನ್ನು ಮಾಡಿ ನಿಂತು, “ಸೆರಗು ಮುಚ್ಕೊ ಬೇ,” ಎಂದು ಸಿಡುಕಿದೆ. ಅವ್ವ ನಕ್ಕಳು. “ಕೂಸಿಗಿ ಉಸುರು ಕಟ್ತದ, ಹುಚ್ಚಿ,” ಅಂದಳು.

ಅದೇ ವಾರ ದಾರಿಯಲ್ಲಿ ತಮ್ಮ ಹಸಿದು ಚೀರುತ್ತಿದ್ದಾಗ ಆಡು ಸಾಕಿಕೊಂಡಿದ್ದ ಒಬ್ಬ ಮುದುಕಿ ನನ್ನನ್ನು ತಡೆದಳು. ಸುರಪುರದ ಕಡೆಯವಳು, ಒಂಟಿ ಹೆಂಗಸು.

“ಯಾಕಳಾಕತ್ತದ ಕೂಸು?”

“ನಮ್ಮವ್ವಗ ಹಾಲಿಲ್ಲ,” ಅಂದೆ. ಯಾಕೆ ಹಾಗಂದೆನೋ. ಅನ್ನುವ ಮೊದಲು ಯೋಚಿಸಿರಲಿಲ್ಲ, ಅಂದಮೇಲೆ ಸರಿಹೋಯಿತು ಅನ್ನಿಸಿತು.

ಮುದುಕಿ ಲೊಚಗುಟ್ಟಿ, ಬಟ್ಟಲಿಗೆ ಆಡಿನ ಹಾಲು ಕರೆದು, ಹತ್ತಿಯ ಬತ್ತಿ ಅದ್ದಿ ಅದ್ದಿ ಅವನ ಬಾಯಿಗೆ ಹಿಂಡಿದಳು. ಹೊಟ್ಟೆ ತುಂಬಿ ಅವನು ನಿದ್ದೆಹೋದ. ಗೇಟಿಗೆ ಬಂದಾಗ ಅವ್ವ ಬಗ್ಗಿ ನೋಡಿ, “ಮಲಗ್ಯಾನ? ಎಬ್ಬಿಸಬ್ಯಾಡ ಬಿಡು, ಮನಿಗಿ ಕರಕೊಂಡು ಹೋಗು,” ಅಂದಳು. ಕುಪ್ಪಸ ಬಿಚ್ಚುವ ಮಾತೇ ಇಲ್ಲ. ಗಳಿಗೆಯಲ್ಲಿ ನಾನು ಗುಮಾಸ್ತರ ಕಟ್ಟೆಯ ಮೇಲಿದ್ದೆ. ಮರುದಿನವೂ ಮುದುಕಿಯ ಮನೆಗೆ ಹೋದೆ. ಹೀಗೆ ಒಂದು ತಿಂಗಳ ಮೇಲೆ ನಡೆಯಿತು.

ಮೊದಮೊದಲು ಅವ್ವನ ಎದೆ ಬಿಗಿದು ನೋಯುತ್ತಿತ್ತು. ಗಿರಣಿಯ ಗೋಡೆಯ ಹಿಂದೆ ಹೋಗಿ ಹಲ್ಲು ಕಚ್ಚಿ ಹಿಂಡಿಕೊಂಡು ಬರುತ್ತಿದ್ದಳು. ಕೆಲವು ದಿನಗಳಲ್ಲಿ ಹಿಂಡುವುದು ಬೇಕಾಗಲಿಲ್ಲ. ಆಮೇಲೆ ತಮ್ಮ ಸಂಜೆಯೂ ಬೆಳಗ್ಗೆಯೂ ಮೊಲೆ ಚೀಪಿ, ಬಿಟ್ಟು, ಚೀರತೊಡಗಿದ. ಕೂಸು ಕುಡಿದಷ್ಟೂ ಹಾಲು ಬರುತ್ತದೆ, ಕುಡಿಯದಿದ್ದರೆ ನಿಲ್ಲುತ್ತದೆ ಎಂದು ನಮಗೆ ಆಗ ಯಾರು ಹೇಳಬೇಕು? ಅವ್ವ ತಪ್ಪನ್ನು ತನ್ನಲ್ಲೇ ಹುಡುಕಿದಳು, ಸಿಕ್ಕಿಯೂ ಬಿಟ್ಟಿತು.

“ಅತ್ತಿ, ಗಿರಣಿ ಗ್ವಾಡಿ ಹಿಂದ ನಾ ಹಾಲು ಹಿಂಡಿ ನೆಲಕ್ಕ ಚೆಲ್ಲೀನಿ,” ಎಂದು ಒಂದು ಸಂಜೆ ಆಯಿಯ ಮುಂದೆ ಹೇಳಿಕೊಂಡಳು.

ಆಯಿ ಹಣೆ ಚಚ್ಚಿಕೊಂಡಳು. “ಎದಿ ಹಾಲು ನೆಲಕ್ಕ ಚೆಲ್ತಾರೇನ ಹುಚ್ಚಿ? ಇರುವಿ ಮುಟ್ಟಿದ್ರ ಬತ್ತತದ. ಗಿಡದ ಬುಡಕ್ಕ ಹಾಕಬೇಕಿತ್ತು!”

ಬಾಗಿಲ ಚೌಕಟ್ಟು ಹಿಡಿದು ನಿಂತು ನಾನು ಎಲ್ಲವನ್ನೂ ಕೇಳಿಸಿಕೊಂಡೆ. ಹೇಳುವುದಿದ್ದರೆ ಆಗಲೇ ಹೇಳಬೇಕಿತ್ತು. ಹೇಳಿದರೆ ಏಟು ಬೀಳುತ್ತವೆ, ನಾಳೆಯಿಂದ ಗಜಗ ಇಲ್ಲ ಎಂದು ಯೋಚಿಸಿದೆ. ನಿಜವಾಗಿಯೂ ಗಜಗದ ಬಗ್ಗೆ ಯೋಚಿಸಿದೆ. ಅದನ್ನು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವಂತಾಗುತ್ತದೆ.

ಸಬ್ಬಸಿಗೆಯ ವಾಸನೆ ಕಂಡರಾಗದ ಅವ್ವ ಹಾಲು ಬರಲೆಂದು ದಿನಾ ಅದರ ಪಲ್ಯವನ್ನು ಮೂಗು ಹಿಡಿದು ನುಂಗಿದಳು. ಬೆಳ್ಳುಳ್ಳಿ ಸುಟ್ಟು ತಿಂದಳು. ಆಯಿ ತನ್ನ ಪಾಲಿನ ಬೆಲ್ಲ ಬಿಟ್ಟು ಅವಳಿಗೆ ಅಳವಿ ಬೀಜದ ಪಾಯಸ ಕಾಯಿಸಿದಳು. ಒಂದು ಮಧ್ಯಾಹ್ನ ಅವ್ವ ನನ್ನನ್ನೂ ಗೋಡೆಯ ಹಿಂದೆ ಕರೆದುಕೊಂಡು ಹೋದಳು. ಹಾಲು ಚೆಲ್ಲಿದ್ದ ಜಾಗಕ್ಕೆ ತಂಬಿಗೆ ನೀರು ಸುರಿದು, ಒದ್ದೆ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, “ತಪ್ಪಾಯ್ತು ತಾಯಿ,” ಎಂದು ಭೂಮಿಯನ್ನು ಬೇಡಿಕೊಂಡಳು. ನನ್ನ ಕಂಕುಳಲ್ಲಿ ತಮ್ಮ ಆಡಿನ ಹಾಲು ಕುಡಿದು ಹೊಟ್ಟೆ ತುಂಬಿ ಮಲಗಿದ್ದ.

ಹೆದರಿ ಮೂರ್ನಾಲ್ಕು ದಿನ ಮುದುಕಿಯ ಮನೆಗೆ ಹೋಗಲಿಲ್ಲ. ತಮ್ಮ ಅವ್ವನ ಒಣ ಎದೆ ಚೀಪಿ ಗೇಟಿನ ಮುಂದೆ ಮುಗಿಲು ಹರಿಯುವಂತೆ ಅತ್ತ, ಹೋಗಿಬರುವವರೆಲ್ಲ ನಿಂತು ನೋಡಿದರು. ಆ ನಾಚಿಕೆ ಮೊದಲಿನದಕ್ಕಿಂತ ದೊಡ್ಡದು. ಮತ್ತೆ ಮುದುಕಿಯ ಹತ್ತಿರ ಓಡಿದೆ.

ಕೊನೆಗೆ ಅವಳೇ ಒಂದು ಸಂಜೆ ಚಂಬಿನಲ್ಲಿ ಹಾಲು ಹಿಡಿದು ಮನೆಗೆ ಬಂದಳು. “ನಿನಗ ಹಾಲಿಲ್ಲಂತಲ್ಲ ಎವ್ವಾ. ಸಂಕೋಚ ಮಾಡಬ್ಯಾಡ, ಕೂಸಿಗಿ ಕುಡಸು,” ಅಂದಳು. ನಾನು ಆಯಿಯ ಹಿಂದೆ ಸರಿದೆ. ಯಾರು ಹೇಳಿದರು ಎಂದು ಅವ್ವ ಕೇಳಲಿಲ್ಲ. ತಲೆ ತಗ್ಗಿಸಿ ಚಂಬು ಇಸಿದುಕೊಂಡಳು. ಮುದುಕಿ ಹೋದಮೇಲೆ, “ಊರಿಗೆಲ್ಲ ಗೊತ್ತಾಗ್ಯದ ಅತ್ತಿ,” ಎಂದು ಮುಖಕ್ಕೆ ಸೆರಗು ಹಿಡಿದು ಅತ್ತಳು.

ಪುಕ್ಕಟೆ ಹಾಲು ಇಸಿದುಕೊಳ್ಳಲು ಅವ್ವ ಒಪ್ಪಲಿಲ್ಲ. ಬೆಳಕು ಹರಿಯುವ ಮೊದಲೇ ಎದ್ದು ಮುದುಕಿಯ ಜೋಳ ಬೀಸಿಕೊಟ್ಟು ಆಮೇಲೆ ಗಿರಣಿಗೆ ಹೋಗತೊಡಗಿದಳು. ತಮ್ಮ ಅನ್ನ ಉಣ್ಣುವವರೆಗೂ ಆ ಬೀಸುವುದು ನಿಲ್ಲಲಿಲ್ಲ. ನಾನು ಕೌದಿ ಎಳೆದುಕೊಂಡು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ತಮ್ಮ ಗಟ್ಟಿಯಾಗಿಯೇ ಬೆಳೆದ. ಗುಮಾಸ್ತರಿಗೆ ಬೇರೆ ಊರಿಗೆ ವರ್ಗವಾಗಿ ಆ ಹುಡುಗಿ ಹೋಗಿಬಿಟ್ಟಳು, ಹೋಗುವಾಗ ನನಗೆ ಹೇಳಲೂ ಇಲ್ಲ.

ನನ್ನನ್ನು ಶಹಾಪುರಕ್ಕೆ ಕೊಟ್ಟರು. ಚೊಚ್ಚಲ ಬಾಣಂತನಕ್ಕೆ ಅವ್ವನ ಮನೆಗೆ ಬಂದೆ. ಕೂಸು ನೋಡಲು ನಮ್ಮತ್ತೆ ಬಂದಾಗ ಅವ್ವ ಅವರ ಮುಂದೆ ಕೈ ಜೋಡಿಸಿ ನಿಂತಳು.

“ಬೀಗತೇರ, ನಮ್ಮ ಕಡಿ ಹಾಲು ಕಡಿಮಿರಿ. ನಂದೂ ಬತ್ತಿತ್ತು. ಇಕಿಗೂ ಹಂಗಾದ್ರ ನನ್ನ ಬೈರಿ, ನನ್ನ ಮಗಳಿಗಿ ಏನೂ ಅನಬ್ಯಾಡ್ರಿ.”

ಹಾಸಿಗೆಯಲ್ಲಿ ಕೂತಿದ್ದ ನನ್ನ ಕುಪ್ಪಸ ಆಗಲೇ ಹಾಲಿನಿಂದ ತೊಯ್ದಿತ್ತು. ಅತ್ತೆ ಹೋದಮೇಲೆ ಅವ್ವ ಸಬ್ಬಸಿಗೆ ಪಲ್ಯ ಹಚ್ಚಿದ ರೊಟ್ಟಿ ತಂದು ಹತ್ತಿರ ಕೂತಳು. ಒದ್ದೆಯಾದ ಕುಪ್ಪಸ ಮುಟ್ಟಿ ನೋಡಿದಳು, ಮತ್ತೊಮ್ಮೆ ಮುಟ್ಟಿದಳು. ಅವಳ ಕಣ್ಣಲ್ಲಿ ನೀರು ತುಂಬಿತು.

“ನನ್ನ ಹಣೆಬರಹ ನಿನಗ ಹತ್ತಲಿಲ್ಲ ನೋಡು,” ಅಂದಳು. “ನಾ ಏನು ಪಾಪ ಮಾಡಿದ್ನೋ. ನೀ ಪುಣ್ಯವಂತಿ.”

ಹೇಳಲೆಂದು ನಾನು ಬಾಯಿ ತೆರೆದೆ. ಅವ್ವ ತುತ್ತು ಇಟ್ಟಳು. ನುಂಗಿದೆ.