ಇಳಿಜಾರಿನ ಬುಡದಲ್ಲಿ ಅಂಬೋಕಿಲೆ

ಸೋರುತ್ತಿರುವುದು ಬ್ರೇಕ್ ಎಣ್ಣೆಯಲ್ಲ ಎಂದು ತಾನು ಹೇಳಿದ್ದಕ್ಕೆ ಬಾಳೆಗೊನೆ ವ್ಯಾಪಾರದ ತುಂಪೆ ತನ್ನನ್ನು ಟುಕುಯು ಸಂತೆಯಲ್ಲಿ ಎಲ್ಲರೆದುರು ‘ಕುಡುಕ’ ಎಂದದ್ದನ್ನು ಮೆಕ್ಯಾನಿಕ್ ಅಂಬೋಕಿಲೆ ಇನ್ನೂ ಮರೆತಿಲ್ಲ. ಯಾವ ಗಾಡಿಯನ್ನಾದರೂ ಮೊದಲು ಬೈದು ಆಮೇಲೆ ಮುಟ್ಟುವ ಆಸಾಮಿ ಅವನು. ಅಂದು ಅವಳ ಪಿಕಪ್ಪಿನ ಹಿಂದಿನ ಚಕ್ರದ ಬ್ರೇಕ್ ಡ್ರಮ್ಮಿನಿಂದ ಒಸರುತ್ತಿದ್ದ ಜಿಡ್ಡನ್ನು ನೀರಿನ ಬೋಗುಣಿಗೆ ತೊಟ್ಟಿಕ್ಕಿಸಿದ, ತೇಲಿತು. “ಬ್ರೇಕ್ ಎಣ್ಣೆ ನೀರಲ್ಲಿ ಕರಗುತ್ತೆ ಕಣಮ್ಮಾ! ಇದು ಆಕ್ಸಲ್ ಎಣ್ಣೆ, ಸೀಲ್ ಹೋಗಿದೆ!” “ಇಳಿಜಾರಲ್ಲಿ ಗಾಡಿ ನಿಲ್ಲಲಿ, ಆಡಿದ ಮಾತು ವಾಪಸ್ ತಗೋತೀನಿ,” ಎಂದಳು. ಹೊಸ ಸೀಲು, ಎಣ್ಣೆ ಕುಡಿದಿದ್ದ ಬ್ರೇಕ್ ಶೂ ಬದಲಿಗೆ ಹೊಸದು ಹಾಕಿ, ಬ್ರೇಕ್ ಪರೀಕ್ಷೆಗೆ ಯಾವಾಗಲಿನಂತೆ ತಾನೇ ಇಳಿಜಾರಿನ ಬುಡದಲ್ಲಿ ಎದೆಯುಬ್ಬಿಸಿ ನಿಂತ. ಗೊನೆ ತುಂಬಿದ ಗಾಡಿಯನ್ನು ಅವಳೇ ಓಡಿಸಿಕೊಂಡು ಬಂದಳು. ಅವನ ಹೊಟ್ಟೆಗೆ ಗೇಣು ದೂರದಲ್ಲಿ ಅದು ಗಕ್ಕನೆ ನಿಂತಿತು. ಸಂತೆಗೆ ಸಂತೆಯೇ ಕೇಕೆ ಹಾಕಿತು. ಮಗಳು ಹುಟ್ಟಿದಂದಿನಿಂದ ಹೆಂಡ ಮೂಸಿಯೂ ನೋಡದವನಿಗೆ ತುಂಪೆ ದೊಡ್ಡ ಗೊನೆಯನ್ನೇ ಹೊರಿಸಿ ಕಳಿಸಿದಳು. ‘ಕುಡುಕ’ ಎಂದ ಆ ಮಾತನ್ನು ಮಾತ್ರ ಇಂದಿಗೂ ವಾಪಸ್ ತೆಗೆದುಕೊಂಡಿಲ್ಲ.