ಮುಸುರಿ ಬಕೆಟ್ಟೂ ನನ್ನ ಗೊಬ್ಬರದ ಡ್ರಮ್ಮೂ

ಕಳೆದ ಸೋಮವಾರ ನಮ್ಮ ಮನೆಗೆ ಹಾಲು ಬರಲಿಲ್ಲ. ಮಂಗಳವಾರವೂ ಇಲ್ಲ. ಕಾರಣ, ಇದೇ ಅಂಕಣ.

ಮಳೆಗಾಲದ ಕೈತೋಟದ ಬಗ್ಗೆ ಇಲ್ಲಿ ಬರೆದದ್ದು ನಿಮಗೆ ನೆನಪಿರಬಹುದು. ಕುಂಡದಲ್ಲಿ ನೀರು ನಿಲ್ಲಬಾರದು, ಗುಲಾಬಿಯ ಒಣಕಡ್ಡಿ ಕತ್ತರಿಸಬೇಕು, ಅಡುಗೆಮನೆಯ ಕಸವನ್ನು ಡ್ರಮ್ಮಿಗೆ ಹಾಕಿ ಗೊಬ್ಬರ ಮಾಡಬೇಕು. ಬರೆದವನೇ ಮಾಡದಿದ್ದರೆ ಹೇಗೆ? ಬೈಲಹೊಂಗಲ ಪೇಟೆಯಿಂದ ನೀಲಿ ಡ್ರಮ್ ತಂದೆ. ತೂತು ಕೊರೆದೆ. ಕೆಳಗೆ ಒಣ ಎಲೆ, ಮೇಲೆ ಸಿಪ್ಪೆ. (ಫೋಟೊ ಕೂಡ ಕಳಿಸಿದ್ದೆ. ಸಂಪಾದಕರು ಹಾಕಲಿಲ್ಲ.)

ಒಂದು ಸಂಗತಿ ಮರೆತಿದ್ದೆ. ಆ ಸಿಪ್ಪೆಗೆ ಮೊದಲೇ ವಾರಸುದಾರರಿದ್ದರು: ಹಿಂದಿನ ಓಣಿಯ ನೀಲವ್ವನ ಎಮ್ಮೆ. ನೀಲವ್ವ ಮುಂಜಾನೆ ಹಾಲು ಹಾಕಿ, ಹಿತ್ತಲ ಬಾಗಿಲಲ್ಲಿಟ್ಟ ಮುಸುರಿ ಬಕೆಟ್ ಒಯ್ಯುತ್ತಾಳೆ. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ಸಿಪ್ಪೆ, ಉಳಿದ ರೊಟ್ಟಿ. ಇಪ್ಪತ್ತು ವರ್ಷದ ರೂಢಿ.

ಐದು ದಿನ ಬಕೆಟ್ ಖಾಲಿ. ಆರನೇ ದಿನ ಹಾಲಿನ ಪಾತ್ರೆ ಖಾಲಿ.

“ಐತವಾರ ಬೀಗರು ಬರಾಕತ್ತಾರ. ನಿಮ್ಮ ಡ್ರಮ್ಮಿನ್ಯಾಗ ಚಹಾ ಕಾಸ್ಲೇನ್ರಿ?” ಎಂದಳು ಹೆಂಡತಿ.

ಡ್ರಮ್ಮಿನ ಹತ್ತಿರ ಹೋಗುವಂತೆಯೇ ಇರಲಿಲ್ಲ. ನಾತ. ನಾತಕ್ಕೆ ಉಪಾಯವೇನು? ನನ್ನದೇ ಅಂಕಣ ತೆಗೆದು ನೋಡಿದೆ: ‘ಒಂದು ಬುಟ್ಟಿ ಸೆಗಣಿ ಸೇರಿಸಿ.’

ಬುಧವಾರ ಬುಟ್ಟಿ ಹಿಡಿದು ನೀಲವ್ವನ ಮನೆಗೆ ಹೋದೆ. ಹಾಲಿನ ಮಾತೂ ಆಗುತ್ತದೆ, ಸೆಗಣಿಯೂ ಸಿಗುತ್ತದೆ ಎಂಬ ಲೆಕ್ಕ.

“ಸೆಗಣಿ ಯಾಕ್ರಿ ಸಾಹೇಬ್ರ?”

“ಗೊಬ್ಬರಕ್ಕ.”

“ಭೇಷ್! ಮುಸುರಿ ನಿಮ್ಮ ಡ್ರಮ್ಮಿಗಿ, ಸೆಗಣಿ ನಮ್ಮ ಎಮ್ಮಿದು. ಬಕೀಟು ಖಾಲಿ ಇಟ್ರ ಏನ್ ತಿಳ್ಕೋಬೇಕ್ರಿ ನಾ? ಇವರಿಗಿ ನಮ್ಮ ಹಾಲು ಬ್ಯಾಡಾಗೇತಿ ಅಂತ ಬಿಟ್ಟೆ. ಬಾಯಿಬಿಟ್ಟು ಹೇಳಬಾರದೇನ್ರಿ?”

ನಾನು ಬುಟ್ಟಿಯನ್ನು ಬೆನ್ನ ಹಿಂದೆ ಸರಿಸಿದೆ.

“ಡ್ರಮ್ಮಿನ್ಯಾಗ ಗೊಬ್ಬರ ಯಾವಾಗ ಆಗತೈತ್ರಿ?”

“ಎರಡು ತಿಂಗಳು.”

“ಇವತ್ತ ಮುಸುರಿ ಹಾಕಿದ್ರ ನಮ್ಮ ಎಮ್ಮಿ ಗೌರಿ ನಾಳಿ ಮುಂಜಾನಿ ಕೊಡ್ತಾಳ. ಮ್ಯಾಲ ಹಾಲು ಬ್ಯಾರೆ.”

ಎಮ್ಮೆ ನನ್ನ ಕಡೆ ನೋಡಿ ಮೆಲುಕು ಹಾಕಿತು. “ತಪ್ಪಾತವ್ವಾ” ಎಂದೆ, ಇಬ್ಬರಿಗೂ.

ಗುರುವಾರ ಬಕೆಟ್ ತುಂಬಿತ್ತು, ಹಾಲೂ ಬಂತು. ಭಾನುವಾರ ಬಂದ ಬೀಗರು ಎರಡೆರಡು ಸಲ ಚಹಾ ಕುಡಿದರು. ಡ್ರಮ್ಮಿನಲ್ಲಿ ಈಗ ಬರೀ ಒಣ ಎಲೆ ಮತ್ತು ಗೌರಿಯ ಸೆಗಣಿ. ನಾತವಿಲ್ಲ.

ಪತ್ರಿಕೆಯ ಶಿಸ್ತಿನಂತೆ ಒಂದು ತಿದ್ದುಪಡಿ: ಆ ಅಂಕಣದಲ್ಲಿ ‘ಅಡುಗೆಮನೆಯ ಕಸ’ ಎಂದಿರುವ ಕಡೆಯೆಲ್ಲ ದಯವಿಟ್ಟು ‘ನೀಲವ್ವನ ಎಮ್ಮೆಯ ಊಟ’ ಎಂದು ಓದಿಕೊಳ್ಳಿ.