ತುಳಸಿ ಬಾಟಲಿಗೊಂದು ಬೊಟ್ಟು

ಕುಂಕುಮದ ಭರಣಿ ಕೈಗೆ ಬಂದರೆ ನಾನು ಸುಮ್ಮನಿರುವ ಮನುಷ್ಯನಲ್ಲ. ಆಯುಧಪೂಜೆಯ ದಿನ ಶೆಟಗೇರಿಯ ನಮ್ಮ ಮನೆಯಲ್ಲಿ ಈಳಿಗೆಮಣೆ, ಸ್ಕೂಟರು ಎಲ್ಲ ಮುಗಿದ ಮೇಲೂ ಭರಣಿಯಲ್ಲಿ ಉಳಿದಿದ್ದರೆ ಟೀವಿಯ ಹಣೆಗೊಂದು ಬೊಟ್ಟು. 'ಹತ್ರ ನಿಂತ್ರೆ ನಂಗೂ ಪೂಜೆ ಮಾಡೇ ಬಿಡ್ತ್ರಿ' ಎಂದು ಹೆಂಡತಿ ದೂರ ಸರಿಯುತ್ತಾಳೆ. ವೈಶಾಲಿಯ ಬಾಟಲಿಗೆ ಹಾಗೆ ಸರಿಯಲು ಆಗಲಿಲ್ಲ.

ಕಾರವಾರದ ಕಾಲೇಜಿನಲ್ಲಿ ನಾನು ಜೀವಶಾಸ್ತ್ರದ ಮೇಷ್ಟ್ರು. ವೈಶಾಲಿ ನನ್ನ ಶಿಷ್ಯೆ, ಆಮೇಲೆ ಚಿತ್ರಕಲೆ ಕಲಿತವಳು. ಅಮದಳ್ಳಿಯ ಕಡೆಯ ಅವರ ಮನೆ ನೌಕಾನೆಲೆಯ ಭೂಸ್ವಾಧೀನದಲ್ಲಿ ಹೋಗಿತ್ತು. ಅವಳ ಅವ್ವ ಕಿತ್ತು ತಂದ ತುಳಸಿ ಹೊಸ ಅಂಗಳದಲ್ಲಿ ಒಣಗುತ್ತ ಬಂದಾಗ, ವೈಶಾಲಿ ಎಲೆಯ ಚೂರುಗಳನ್ನು ನಮ್ಮ ಲ್ಯಾಬಿಗೆ ತಂದು ಬಾಟಲಿಗಳಲ್ಲಿ ಬೆಳೆಸತೊಡಗಿದಳು. ಎಲೆಚೂರಿಗೆ ಆಹಾರವಾಗುವ ಆ ಬಾಟಲಿಯೊಳಗಿನ ಲೋಳೆಯನ್ನು ಕಡಲ ಪಾಚಿಯಿಂದ ಮಾಡುತ್ತಾರೆ. ಹಾಗಾಗಿ ಕಡಲ ದಂಡೆಯ ತುಳಸಿಗೆ ಅದು ತವರಿನ ಊಟವೇ ಎಂದು ನಾನು ತಮಾಷೆ ಮಾಡುತ್ತಿದ್ದೆ. ಒಂದು ಬಾಟಲಿಯಲ್ಲಿ ಅವಳು ಹತ್ತಿಯಿಂದ ಹಳೆಯ ಮನೆಯ ಪುಟ್ಟ ಆಕಾರ ಮಾಡಿ, ಅದರ ಮೇಲೆ ಹಸಿರು ಜೀವಕೋಶ ಹಬ್ಬಿಸಿದ್ದಳು. ಉಳಿದ ಬಾಟಲಿಗಳೆಲ್ಲ ಕ್ರಿಮಿ ಹೊಕ್ಕು ಕೆಟ್ಟು, ಬದುಕಿದ್ದು ಅದೊಂದೇ. ಅಂಗಳದ ಗಿಡವೂ ಅಷ್ಟರಲ್ಲಿ ಸತ್ತಿತ್ತು. ತುಳಸಿ ಲಗ್ನದ ದಿನ ಬಾಟಲಿಯನ್ನು ಅವ್ವನ ತುಳಸಿಕಟ್ಟೆಯ ಮೇಲಿಡಬೇಕು, ಆಮೇಲೆಯೇ ಕಲಾಪ್ರದರ್ಶನಕ್ಕೆ ಒಯ್ಯಬೇಕು, ಎನ್ನುವುದು ಅವಳ ಆಸೆ.

'ಮಾಸ್ತರ್ರೆ, ಯಾರ್ ಕೇಳಿದ್ರೂ ಮುಚ್ಚಳ ತೆಗಿಬೇಡ್ರಾ' ಎಂದು ಹೇಳಿ, ಚಿತ್ರದ ಕೆಲಸಕ್ಕೆಂದು ಪರವೂರಿಗೆ ಹೋದಳು.

ಯಾರೂ ಕೇಳಲಿಲ್ಲ. ಆಯುಧಪೂಜೆಗೆ ಮಿಂದು, ಮಡಿಯುಟ್ಟು ಲ್ಯಾಬಿಗೆ ಹೋದೆ. ಸೂಕ್ಷ್ಮದರ್ಶಕಗಳಿಗೆಲ್ಲ ಬೊಟ್ಟಿಟ್ಟೆ. ಎದುರಿಗೆ ತುಳಸಿ, ಅದೂ ಮನೆಯ ರೂಪದಲ್ಲಿ! ಕುಂಕುಮವಿಲ್ಲದೆ ಬಿಡುವುದು ಹೇಗೆ? ಮುಚ್ಚಳ ತೆಗೆದು, ಬಾಗಿಲಿರಬೇಕಾದಲ್ಲಿ ಒಂದೇ ಒಂದು ಬೊಟ್ಟಿಟ್ಟೆ. ಮಡಿಯಿಂದ ಕ್ರಿಮಿ ಸಾಯುವುದಿಲ್ಲ ಎಂದು ಇಪ್ಪತ್ತು ವರ್ಷ ಪಾಠ ಹೇಳಿದವನು ನಾನೇ.

ವಾರದೊಳಗೆ ಮನೆಯ ತುಂಬ ಬಿಳಿ ಬೂಷ್ಟು. ಕೆಳಗಿನ ಬೊಟ್ಟು ಕಾಣಲೇ ಇಲ್ಲ.

ವೈಶಾಲಿ ಬಂದು ಬಹಳ ಹೊತ್ತು ನೋಡಿದಳು. 'ನನ್ ಕೈಯೇ ಸರಿಯಿಲ್ಲ, ಮಾಸ್ತರ್ರೆ. ಎಲ್ಲೋ ತಪ್ಪಿದೆ ನಾನು' ಎಂದಳು. ನಾನು ಕಿಟಕಿಯಾಚೆ ನೋಡಿದೆ. ಸಮಾಧಾನದ ಮಾತನ್ನೂ ಆಡಿದೆ, ನಾಚಿಕೆಗೇಡು! ನಿಜವೊಂದನ್ನು ಬಿಟ್ಟು ಎಲ್ಲ ಹೇಳಿದೆ.

ಅವಳು ಮತ್ತೆ ಬಾಟಲಿ ಮುಟ್ಟಲಿಲ್ಲ. ಈಗ ಅಂಕೋಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುತ್ತಾಳೆ. ದಾರಿಯಲ್ಲಿ ಸಿಕ್ಕರೆ ಇಂದಿಗೂ, 'ನಿಮ್ಗೆ ಸುಮ್ನೆ ತ್ರಾಸು ಕೊಟ್ಟೆ' ಎಂದು ಅವಳೇ ಕ್ಷಮೆ ಕೇಳುತ್ತಾಳೆ. ಬೂಷ್ಟು ಬರಲು ಮುಚ್ಚಳ ತೆರೆಯಬೇಕು ಎಂದು ಅವಳಿಗೆ ಕಲಿಸಿದ್ದೆ. ಬಾಯಿ ಮುಚ್ಚಿಟ್ಟರೂ ಬರುತ್ತದೆಂಬುದು ನಾನು ಆಮೇಲೆ ಕಲಿತದ್ದು.